ನಿರುದ್ಯೋಗಿಯೂ ಅಲ್ಲದವನು

"ಅಂದ್ರೆ, ನನ್ನನ್ನ ನಿರುದ್ಯೋಗಿ ಅಂತ ಬರ್ಕೊಂಡ್ರಾ?!"

ಶಶಿಕುಮಾರ್ ಕುರ್ಚಿಯಿಂದ ಎದ್ದೇಬಿಟ್ಟ.

"ಇಲ್ಲ ಸಾರ್." ಸಮೀಕ್ಷೆಗೆ ಬಂದಿದ್ದ ಬಿಂದುಶ್ರೀ ಟ್ಯಾಬ್‌ನಿಂದ ತಲೆ ಎತ್ತಲಿಲ್ಲ. "ನಿರುದ್ಯೋಗಿ ಅಂತ ಬರೀಬೇಕಾದ್ರೆ ನೀವು ಕೆಲಸ ಹುಡುಕ್ತಾ ಇರ್ಬೇಕು. ನೀವು ಹುಡುಕ್ತಾನೂ ಇಲ್ವಲ್ಲ!"

"ಮತ್ತೆ ನಾನು ಯಾರು?"

"ಬಾಡಿಗೆ ಆದಾಯದಲ್ಲಿ ಇರೋರು. ಕೆಲಸ ಇರೋರ ಲೆಕ್ಕಕ್ಕೂ ಬರಲ್ಲ, ಇಲ್ಲದೋರ ಲೆಕ್ಕಕ್ಕೂ ಬರಲ್ಲ."

ಅಬ್ಬಾ, ಆ ಮಾತು! ಹೆಬ್ಬಗೋಡಿಯಲ್ಲಿ ಮೂರು ಕಟ್ಟಡ ಇರೋ ಮನೆಯ ಮಗ, ಐಟಿಐ ಓದಿದವನು, ಒಂದು ಹುಡುಗಿಯ ಎದುರು ಲೆಕ್ಕಕ್ಕೇ ಇಲ್ಲದವನಾಗಿಬಿಟ್ಟ. ಅವನ ಕಿವಿ ಕೆಂಪಗಾಯಿತು. ಬಿಂದುಗೆ ಮೊದಲು ನಗು ಬಂತು, ಆಮೇಲೆ ಯಾಕೋ ಪಾಪ ಅನ್ನಿಸಿತು.

ಬಿಂದು ಜಾಲಹಳ್ಳಿಯವಳು. ಉದ್ಯೋಗ ಸಮೀಕ್ಷೆಯಲ್ಲಿ ಅವಳ ಕೆಲಸ. ಆಯ್ಕೆಯಾದ ಮನೆಗೆ ತಿಂಗಳಿಗೊಂದರಂತೆ ನಾಲ್ಕು ಸಲ ಹೋಗಬೇಕು, ಹಿಂದಿನ ಏಳು ದಿನ ಯಾರು ಎಷ್ಟು ಗಂಟೆ ದುಡಿದರು ಅಂತ ಕೇಳಬೇಕು. ಐದನೇ ಸಲ ಅನ್ನೋದು ಇಲ್ಲ.

ಎರಡನೇ ತಿಂಗಳು ಶಶಿ ಬಾಗಿಲಲ್ಲೇ ಕಾಯುತ್ತಿದ್ದ.

"ಬರ್ಕೊಳ್ಳಿ ಮೇಡಂ! ಬೊಮ್ಮಸಂದ್ರದಲ್ಲಿ ಲೇಥ್ ಕೆಲಸ. ಸೆಕೆಂಡ್ ಶಿಫ್ಟ್. ದಿನಕ್ಕೆ ಎಂಟು ಗಂಟೆ, ಭಾನುವಾರ ರಜ."

"ನಿಜವಾಗ್ಲೂ?"

"ಈಗಲಾದ್ರೂ ಲೆಕ್ಕಕ್ಕೆ ಬಂದ್ನಾ?"

ಹತ್ತು ನಿಮಿಷದ ಪ್ರಶ್ನೆಗಳಿಗೆ ಅವತ್ತು ಒಂದು ಗಂಟೆ ಹಿಡಿಯಿತು. ಎರಡು ಸಲ ಕಾಫಿ ಬೇರೆ! ವಾಪಸ್ ಹೋಗುವಾಗ ಬಸ್ಸಲ್ಲಿ ಒಬ್ಬಳೇ ನಗುತ್ತಿದ್ದಳು ನಮ್ಮ ಬಿಂದು.

ಮೂರನೇ ತಿಂಗಳು ಹೊಸ ಕುರ್ತಾ ಹಾಕಿಕೊಂಡು ಹೋದಳು. ಶಶಿ ಇರಲಿಲ್ಲ. ಅವನ ತಾಯಿ ನಾಗಲಕ್ಷ್ಮಮ್ಮ ಒಬ್ಬರೇ ಇದ್ದರು.

"ನಮ್ ಶಶಿಗೇನ್ ಕೆಲ್ಸ ಕಣವ್ವ? ಬಾಡ್ಗೆ ಬತ್ತದೆ, ಅಂಗೇ ಆರಾಮಾಗವ್ನೆ."

ಬಿಂದು ಟ್ಯಾಬ್‌ನಿಂದ ತಲೆ ಎತ್ತಿದಳು. 'ಹಾಗಾದ್ರೆ ಅವತ್ತು ಹೇಳಿದ್ದೆಲ್ಲ ಸುಳ್ಳಾ...? ನನ್ನ ಹತ್ರನೂ ಸುಳ್ಳಾ?' ಮನೆಯವರು ಹೇಳಿದ್ದನ್ನೇ ಬರೆದುಕೊಂಡು, ನೀರೂ ಕುಡಿಯದೆ ಎದ್ದು ಬಂದಳು.

ನಾಲ್ಕನೇ ತಿಂಗಳು ಬಂತು. ಕೊನೆಯ ಭೇಟಿ. ಶಶಿ ಮನೆಯಲ್ಲೇ ಇದ್ದ, ಮುಖ ಅರಳಿತ್ತು.

"ಈ ಸಲ ಎಷ್ಟು ಗಂಟೆ ಬರೀಲಿ ಸಾರ್? ನಿಮಗೆ ತೋಚಿದಷ್ಟು ಹೇಳಿ!"

"ಯಾಕ್ರೀ ಹೀಗೆ ಮಾತಾಡ್ತೀರ?"

"ಕೆಲಸಾನೇ ಇಲ್ಲ ಅಂತ ನಿಮ್ಮಮ್ಮನೇ ಹೇಳಿದ್ರು!"

ಶಶಿ ತಾಯಿಯ ಕಡೆ ತಿರುಗಿದ. ನಾಗಲಕ್ಷ್ಮಮ್ಮ ಸೆರಗು ಹಿಂಡುತ್ತಾ ನಿಂತರು.

"ತಪ್ಪಾಯ್ತು ಕಣವ್ವ. ಮೂರ್ ಕಟ್ಟಡ ಮಡೀಕಂಡು, ಮಗ ಇನ್ನೊಬ್ರ ಶೆಡ್ಡಲ್ಲಿ ದುಡೀತಾನೆ ಅಂತ ಎಂಗೇಳನ? ನಾಚ್ಕೆ ಆಯ್ತು. ದಿನಾ ಓಯ್ತಾನೆ ಅವ್ನು. ಒಂದಿನಾನೂ ತಪ್ಸಿಲ್ಲ."

ಅಷ್ಟು ಹೇಳಿ ಅವರು ಒಳಗೆ ಹೋದರು. ಬಿಂದುಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಲೆ ತಗ್ಗಿಸಿ ಎಲ್ಲ ಪ್ರಶ್ನೆ ಕೇಳಿದಳು, ಎಲ್ಲ ಉತ್ತರ ತುಂಬಿದಳು.

"ಮುಂದಿನ ತಿಂಗಳು ಯಾವತ್ತು ಬರ್ತೀರ?"

"ಬರಲ್ಲ. ಈ ಮನೆ ಮುಗೀತು."

'ಇವತ್ತು ಹೇಳದಿದ್ರೆ ಇನ್ನು ಯಾವತ್ತೂ ಇಲ್ಲ ಕಣೇ ಬಿಂದು!' ಅವಳು ಟ್ಯಾಬ್ ಬ್ಯಾಗಿಗೆ ಹಾಕಿ, ಅವನನ್ನೇ ನೇರವಾಗಿ ನೋಡಿದಳು.

"ಶಶಿ, ದಿನಾ ಯಾರ್ಯಾರೋ ನನ್ನ ಹತ್ರ ಸುಳ್ಳು ಹೇಳ್ತಾರೆ. ನಾನು ತಲೆ ಕೆಡಿಸಿಕೊಳ್ಳಲ್ಲ. ನೀವು ಸುಳ್ಳು ಹೇಳಿದ್ರಿ ಅಂದ್ಕೊಂಡು ತಿಂಗಳಿಡೀ ಅತ್ತಿದೀನಿ... ನೀವಂದ್ರೆ ನನಗೆ ಅಷ್ಟು ಇಷ್ಟ. ಇವತ್ತು ಈ ಮೆಟ್ಟಿಲು ಇಳಿದ್ರೆ ಮತ್ತೆ ಹತ್ತೋಕೆ ನನಗೆ ಕಾರಣ ಇಲ್ಲ. ಒಂದು ಕಾರಣ ಕೊಡ್ತೀರಾ?"

ಅವನ ಕಣ್ಣು ತುಂಬಿತು. ನಗುತ್ತಲೇ ಒರೆಸಿಕೊಂಡ.

"ಮೊದಲನೇ ವಾರ ನಿಮ್ಮ ಮೇಲಿನ ಸಿಟ್ಟಿಗೆ ಕೆಲಸಕ್ಕೆ ಹೋದೆ ಬಿಂದು. ಆಮೇಲೆ ಇಷ್ಟ ಆಗೋಯ್ತು..."

"ಯಾವುದು? ಕೆಲಸಾನಾ, ನಾನಾ?"

"ಎರಡೂ ಕಣ್ರೀ!"