ಯಜಮಾನರ ಕಾಗದ

ರೂಮು ಕೊಡದಿದ್ದರೆ ಹಾಳಾಗಿ ಹೋಗಲಿ, ಬಚ್ಚಲಿಗೆ ಹೋಗಿಬರಲೂ ಬಿಡಲಿಲ್ಲವಲ್ಲ ಆ ಹೆಂಗಸು! ಶಿಡ್ಲಘಟ್ಟಕ್ಕೆ ವಾಪಸು ಬಂದು ಎರಡು ವಾರವಾಗಿದ್ದರೂ ಅದು ನೆನಪಾದರೆ ತನುಜಳ ಮೈಯೆಲ್ಲ ಉರಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದವರು, ಆ ಗೇಟಿನ ಮುಂದೆ ನಿಂತಾಗ ಮಧ್ಯಾಹ್ನ ಎರಡು ದಾಟಿತ್ತು. ಹದಿನೆಂಟು ವರ್ಷದ ಮಗಳು ಶಿರೀಷಾ ನಾಚಿಕೆ ಬಿಟ್ಟು, ಒಂದು ಸಲ ಬಾತ್‌ರೂಮಿಗೆ ಹೋಗಿಬರಲೇ ಎಂದು ಕೇಳಿದ್ದಳು. ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಮಂಗಮ್ಮ ಕನ್ನಡಕದ ಮೇಲಿಂದ ನೋಡಿದಳು. 'ಕಾಗದ ಇಲ್ದೋರು ಗೇಟಿಂದ ಈಚೆ ಬರಂಗಿಲ್ಲಮ್ಮ. ಮೂಲೇಲಿ ಹೋಟ್ಲೈತೆ, ಅಲ್ ಕೇಳ್ಕೊಳಿ' ಎಂದು ಹೇಳಿ ಚಿಲಕ ಹಾಕಿಕೊಂಡಳು. ಅದೇ ಹೊತ್ತಿಗೆ ಆಟೋದಿಂದ ಇಳಿದ ಇನ್ನೊಬ್ಬ ಹುಡುಗಿ ಮಡಿಸಿದ ಕಾಗದವೊಂದನ್ನು ತೋರಿಸಿದಳು. ಗೇಟು ತಾನಾಗಿ ತೆರೆಯಿತು. ಶಿರೀಷಾ ಅಮ್ಮನ ಮುಖ ನೋಡಲಿಲ್ಲ, ಹೋಟೆಲ್ಲಿನ ಕಡೆ ನಡೆದುಬಿಟ್ಟಳು.

ಹೋಗಿದ್ದು ಮಜಾ ಮಾಡುವುದಕ್ಕಲ್ಲ. ಸಿಇಟಿಯಲ್ಲಿ ಶಿರೀಷಾಗೆ ಒಳ್ಳೆಯ ರ‍್ಯಾಂಕೇ ಬಂದಿತ್ತು. ಬೆಂಗಳೂರಿನಲ್ಲಿ ನಾಲ್ಕು ಕಾಲೇಜು ಸಿಗುವ ಅಂದಾಜಿತ್ತು, ಅದರಲ್ಲಿ ಯಾವುದನ್ನು ಮೊದಲು ಬರೆಯಬೇಕೆಂದು ಕಣ್ಣಾರೆ ನೋಡಿ ತೀರ್ಮಾನಿಸಬೇಕಿತ್ತು. ಹೋದ ವರ್ಷ ಪಕ್ಕದ ಬೀದಿಯ ಹುಡುಗಿ ವೆಬ್‌ಸೈಟಿನ ಫೋಟೊ ನೋಡಿ ಸೇರಿ, ಆಮೇಲೆ ತಗಡಿನ ಶೀಟಿನ ಕೆಳಗೆ ಲ್ಯಾಬು ಕಂಡು ಅತ್ತಿದ್ದಳು. ಆದರೆ ನಾಲ್ಕು ಕಾಲೇಜೂ ಊರಿನ ನಾಲ್ಕು ಮೂಲೆಯಲ್ಲಿವೆ. ಯಲಹಂಕದಲ್ಲಿ ಒಂದು, ಕೆಂಗೇರಿಯ ಆಚೆ ಒಂದು. ಶಿಡ್ಲಘಟ್ಟದಿಂದ ದಿನಾ ಹೋಗಿ ಬರುತ್ತೇನೆಂದರೆ ಒಂದನ್ನು ನೋಡುವಷ್ಟರಲ್ಲಿ ಉಳಿದ ಕಾಲೇಜುಗಳ ಆಫೀಸು ಮುಚ್ಚಿರುತ್ತದೆ.

ಮೂರು ದಿನ ತಲೆ ಇಡಲು ಒಂದು ಜಾಗ. ಅದಕ್ಕಾಗಿ ಅವತ್ತು ತಾಯಿ ಮಗಳು ಅಲೆಯದ ಬೀದಿಯಿಲ್ಲ. ಪಿ.ಜಿ.ಯವರು ಒಂದು ತಿಂಗಳ ಬಾಡಿಗೆ ಮುಂಗಡ ಕೊಟ್ಟರೆ ಮಾತಾಡಿ ಎಂದರು. ಮೆಜೆಸ್ಟಿಕ್ಕಿನ ಲಾಡ್ಜಿನವನು ಜೊತೆಗೆ ಗಂಡಸು ಯಾರೂ ಇಲ್ಲವೇ ಎಂದು ಕೇಳಿ, ಇಲ್ಲ ಎಂದಾಗ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ ರೀತಿಗೆ ತನುಜಳ ಕೈ ಚಪ್ಪಲಿಯ ಕಡೆ ಹೋಗಿತ್ತು. ಮಗಳು ಪಕ್ಕದಲ್ಲಿದ್ದಾಳೆಂದು ಕೈ ಹಿಂದಕ್ಕೆ ತೆಗೆದಳು. ಒಳ್ಳೆಯ ಹೋಟೆಲ್ಲುಗಳ ಬಾಡಿಗೆ ಕೇಳುವ ಧೈರ್ಯವೇ ಆಗಲಿಲ್ಲ. ಕೊನೆಗೆ ಹೋಗಿ ನಿಂತದ್ದು ಮಂಗಮ್ಮನ ಗೇಟಿನ ಮುಂದೆ.

ಆ ಹಾಸ್ಟೆಲನ್ನು ಕಟ್ಟಿಸಿದವರು ಮಂಚೇನಹಳ್ಳಿಯ ಗಂಗುಲಪ್ಪ. ದ್ರಾಕ್ಷಿ ಬೆಳೆದು ದೊಡ್ಡವರಾದವರು, ಎಲ್ಲರ ಬಾಯಲ್ಲೂ ಯಜಮಾನರು. ಚಿಕ್ಕಬಳ್ಳಾಪುರದ ಕಡೆಯ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ ಓದಲಿ ಎಂದು ಕಟ್ಟಿಸಿದ್ದು. ಯಜಮಾನರ ಕಾಗದ ತಂದವರಿಗೆ ಕಾಲೇಜು ನೋಡಲು ಬಂದಾಗ ಮೂರು ದಿನ ರೂಮು. ಓದು ಶುರುವಾದ ಮೇಲೆ ಅದೇ ಕಾಗದದ ಮೇಲೆ ನಾಲ್ಕು ವರ್ಷದ ಸೀಟು. ಅಲ್ಲಿ ಸೀಟು ಸಿಕ್ಕರೆ ಶಿರೀಷಾ ಬೆಂಗಳೂರಿನಲ್ಲಿ ಓದುತ್ತಾಳೆ. ಸಿಗದಿದ್ದರೆ ಬೆಂಗಳೂರಿನ ಮಾತೇ ಇಲ್ಲ, ಯಾಕೆಂದರೆ ಹೊರಗೆ ರೂಮು ಮಾಡಿ ಓದಿಸುವ ಶಕ್ತಿ ತನುಜಳಿಗಿರಲಿಲ್ಲ. ಇದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು.

ಹಾಗಿದ್ದರೆ ಮಂಚೇನಹಳ್ಳಿಗೆ ಹೋಗಿ ಕಾಗದ ಕೇಳಬಹುದಿತ್ತಲ್ಲ? ರೇಷ್ಮೆ ನೂಲಿನ ವ್ಯಾಪಾರಿ ಬಷೀರ್ ಅಹಮದ್ ಹೇಳಿದ್ದೂ ಅದನ್ನೇ. ಅವರ ಮಗಳು ಶೈಸ್ತಾ ಅದೇ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಮುಗಿಸಿದವಳು. 'ಹೋಗಿ ಕೂತ್ಕೊಂಡ್ರೆ ಸಾಕು ತನುಜಮ್ಮ. ಯಾರು, ಯಾವ ಜನ ಅಂತಾನೂ ಕೇಳಲ್ಲ ಅವ್ರು, ಕಾಗದ ಕೊಡ್ತಾರೆ' ಎಂದರು. ತನುಜ ಮನಸ್ಸಿನಲ್ಲೇ ನಕ್ಕಳು. ಬಷೀರ್ ಸಾಹೇಬರಿಗೆ ವ್ಯಾಪಾರವಿದೆ, ನಾಲ್ಕು ಜನರ ಗುರುತಿದೆ, ಅವರಿಗೆ ಕೊಡುತ್ತಾರೆ. ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಒಂದು ಶಿಫಾರಸು ಪತ್ರಕ್ಕಾಗಿ ಅವಳು ಒಬ್ಬ ದೊಡ್ಡ ಮನುಷ್ಯನ ಜಗಲಿಯ ಮೇಲೆ ಹನ್ನೊಂದು ದಿನ ಕೂತಿದ್ದಳು. ಹನ್ನೆರಡನೆಯ ದಿನ ಆತ ಹಲ್ಲುಕಡ್ಡಿ ಆಡಿಸುತ್ತ ಹೊರಗೆ ಬಂದು, ನೀನು ಯಾರಮ್ಮ ಎಂದು ಕೇಳಿದ್ದ. ಅವತ್ತೇ ತೀರ್ಮಾನವಾಗಿತ್ತು, ಇನ್ನು ಯಾರ ಜಗಲಿಯ ಮೇಲೂ ಕೂರುವುದಿಲ್ಲ ಎಂದು. ಕಾಗದ ತಾನೇ ಬೇಕು? ಕಾಗದ ಮಾಡುವುದೇ ಅವಳ ಕಸುಬು.

ತಾಲ್ಲೂಕು ಕಚೇರಿಯ ಎದುರು ಅವಳದೊಂದು ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ. ಎಂಟು ವರ್ಷದಿಂದ ಅರ್ಜಿ, ಅಫಿಡವಿಟ್ಟು, ವಂಶವೃಕ್ಷ ಟೈಪು ಮಾಡಿ ಮಾಡಿ, ಯಾವ ಸಾಹೇಬರ ಸೀಲು ಎಲ್ಲಿ ಬೀಳುತ್ತದೆ, ಯಾವ ಗುಮಾಸ್ತನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಜನ ಕಾಗದ ಓದುವುದಿಲ್ಲ. ತಲೆಬರಹ ನೋಡುತ್ತಾರೆ, ಸೀಲು ನೋಡುತ್ತಾರೆ, ಸಹಿ ನೋಡುತ್ತಾರೆ. ಆ ಮೂರೂ ಸರಿಯಿದ್ದರೆ ಮಧ್ಯದಲ್ಲಿ ಏನು ಬರೆದರೂ ನಡೆಯುತ್ತದೆ. ಇಷ್ಟು ದಿನ ಈ ವಿದ್ಯೆಯನ್ನು ಅವಳು ಒಂದೇ ಒಂದು ಸಲವೂ ಕೆಟ್ಟದ್ದಕ್ಕೆ ಬಳಸಿರಲಿಲ್ಲ. ಬಳಸುವಂತೆ ಮಾಡಿದವಳು ಮಂಗಮ್ಮ, ಪಾಪ ಏನಾದರೂ ಇದ್ದರೆ ಅದು ಅವಳ ತಲೆಗೇ ಸುತ್ತಿಕೊಳ್ಳಲಿ.

ಹಾಸ್ಟೆಲ್ಲಿನ ಬೆಳ್ಳಿಹಬ್ಬಕ್ಕೆ ಹೊರತಂದ ಸ್ಮರಣ ಸಂಚಿಕೆಯೊಂದು ಶೈಸ್ತಾಳ ಹತ್ತಿರವಿತ್ತು. ವಿಳಾಸ ಬರೆದುಕೊಂಡು ಕೊಡುತ್ತೇನೆಂದು ಹೇಳಿ ತನುಜ ಅದನ್ನು ತರಿಸಿಕೊಂಡಳು. ಗೇಟಿನಲ್ಲಿ ಆ ಹುಡುಗಿ ಹಿಡಿದಿದ್ದ ಕಾಗದದ ಮೇಲ್ಮಡಿಕೆಯಲ್ಲಿ ಕಂಡ ನೀಲಿ ತಲೆಬರಹವೂ ಕಮಲದ ಗುರುತೂ ಸಂಚಿಕೆಯ ಹಿಂಬದಿಯಲ್ಲಿ ಹಾಗೇ ಅಚ್ಚಾಗಿದ್ದವು. ಸ್ಕ್ಯಾನು ಮಾಡಿ ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಮೂರನೆಯ ಪುಟದಲ್ಲಿ ಪೇಟ ಸುತ್ತಿದ ಗಂಗುಲಪ್ಪನವರ ಫೋಟೊ, ಅದರ ಕೆಳಗೆ 'ನನ್ನ ಎರಡು ಮಾತು' ಎಂದು ಹತ್ತು ಸಾಲು, ಕೊನೆಯಲ್ಲಿ ಸಹಿ.

ಆ ಸಹಿಯನ್ನು ಅವಳು ಬಹಳ ಹೊತ್ತು ನೋಡಿದಳು. ಅಕ್ಷರಗಳು ದುಂಡಗೆ, ಒತ್ತೊತ್ತಾಗಿ, ಒಂದಿಷ್ಟೂ ನಡುಗದೆ ನಿಂತಿದ್ದವು. ಕೊನೆಯ ಅಕ್ಷರದಿಂದ ಹೊರಟ ಗೆರೆ ಹೆಸರಿನ ಕೆಳಗೆಲ್ಲ ಹಿಂದಕ್ಕೆ ಓಡಿ, ಮೊದಲಕ್ಷರದ ಬುಡದಲ್ಲಿ ಎರಡು ಚುಕ್ಕೆಯಾಗಿ ಮುಗಿಯುತ್ತಿತ್ತು. ಯಾರ ಮುಂದೆಯೂ ಕೈ ಚಾಚದವನ ಸಹಿ ಇದು, ಎಂದುಕೊಂಡಳು. ಆ ಗೆರೆಯಲ್ಲಿ ಎಷ್ಟು ಕೊಬ್ಬಿದೆ ನೋಡು! ಮಗಳು ಮನೆಯಲ್ಲಿ ಇಲ್ಲದಾಗ ಹಳೆಯ ಅರ್ಜಿಗಳ ಹಿಂಬದಿಯಲ್ಲಿ ನೂರಾರು ಸಲ ಬರೆದಳು. ಮೊದಲ ದಿನ ಅಕ್ಷರ ಬಂತು, ಎರಡನೆಯ ದಿನ ಗೆರೆ ಬಂತು, ನಾಲ್ಕನೆಯ ದಿನಕ್ಕೆ ಆ ಕೊಬ್ಬೂ ಬಂತು. ಸಂಚಿಕೆಯ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಅವಳಿಗೇ ತಿಳಿಯದಂತಾಯಿತು. ಬರೆದದ್ದನ್ನೆಲ್ಲ ನೀರೊಲೆಗೆ ಹಾಕಿದಳು.

ರಬ್ಬರ್ ಸೀಲನ್ನು ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಮಾಡಿಸುವಷ್ಟು ದಡ್ಡಿ ಅವಳಲ್ಲ. ಅಲ್ಲಿ ಎಲ್ಲರಿಗೂ ಅವಳ ಗುರುತಿದೆ. ಯಜಮಾನರ ಕಾಗದ ಕೇಳಲು ಮಂಚೇನಹಳ್ಳಿಗೆ ಹೋಗುತ್ತೇನೆಂದು ಮಗಳಿಗೆ ಹೇಳಿ, ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋದಳು. ಬಸ್ಸು ಮಂಚೇನಹಳ್ಳಿಯಲ್ಲಿ ನಿಂತಾಗ ಕಿಟಕಿಯಿಂದ ಹೊರಗೆ ಸಹ ನೋಡಲಿಲ್ಲ. ಸೀಲಿನಂಗಡಿಯಲ್ಲಿ ಹಾಸ್ಟೆಲ್ಲಿನ ಗುಮಾಸ್ತೆಯ ಹಾಗೆ ಗತ್ತಿನಿಂದ ನಿಂತು, ರಸೀದಿ ಬೇಕು ಎಂದು ತಾನೇ ಕೇಳಿ ಪಡೆದಳು. ರಸೀದಿ ಕೇಳುವವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಒಕ್ಕಣೆಯಲ್ಲಿ ಮಾತ್ರ ಅವಳ ಸಿಟ್ಟು ಕೈಮೀರಿತು. ಈ ಪತ್ರ ತಂದವರಿಗೆ ಮೂರು ದಿನ ಕೋಣೆ ಕೊಡುವುದು, ಹುಡುಗಿಯ ಹೆಸರನ್ನು ಸೀಟಿನ ಪಟ್ಟಿಗೆ ಸೇರಿಸುವುದು, ಇಷ್ಟೇ ಸಾಕಿತ್ತು. ಚಿಕ್ಕ ಕಾಗದವೇ ಒಳ್ಳೆಯ ಕಾಗದ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಬೆರಳು ನಿಲ್ಲಲಿಲ್ಲ. 'ಇವರನ್ನು ಹಿಂದೊಮ್ಮೆ ಗೇಟಿನಲ್ಲೇ ನಿಲ್ಲಿಸಿ ಕಳಿಸಿದ ವಿಚಾರ ನನ್ನ ಗಮನಕ್ಕೆ ಬಂದಿರುತ್ತದೆ. ಇನ್ನೊಮ್ಮೆ ಹೀಗಾದಲ್ಲಿ ವಾರ್ಡನ್ನರನ್ನು ಬದಲಾಯಿಸಬೇಕಾಗುತ್ತದೆ' ಎಂದು ಸೇರಿಸಿದಳು. ಮುದ್ರಿಸಿ, ಸೀಲನ್ನು ಬೇಕೆಂದೇ ಸ್ವಲ್ಪ ವಾರೆಯಾಗಿ ಒತ್ತಿ, ಇಂಕು ಪೆನ್ನಿನಲ್ಲಿ ಸಹಿ ಹಾಕಿ, ಎರಡು ದಿನ ಕಾಗದವನ್ನು ವ್ಯಾನಿಟಿ ಬ್ಯಾಗಿನಲ್ಲಿ ಮಡಿಸಿಟ್ಟುಕೊಂಡು ಓಡಾಡಿದಳು. ಅಂಚು ಕೊಂಚ ಸವೆಯಿತು.

ಇನ್ನು ಉಳಿದದ್ದು ಫೋನು. ಮಂಗಮ್ಮ ಮಂಚೇನಹಳ್ಳಿಗೆ ಫೋನು ಮಾಡಿದರೆ ಎಲ್ಲ ಮುಗಿದಂತೆ. ತನುಜ ತಾನೇ ಆ ಮನೆಗೆ ಫೋನು ಮಾಡಿ, ಮದುವೆಯ ಕರೆಯೋಲೆ ಕೊಡಬೇಕಿತ್ತು, ಯಜಮಾನರು ಇರುತ್ತಾರಾ ಎಂದು ವಿಚಾರಿಸಿದಳು. 'ಅಯ್ಯ ಮಂಗಳವಾರಂ ತಿರುಪತಿಕಿ ಪೋತಾರಮ್ಮ. ಶನಿವಾರ ಬತ್ತಾರೆ. ಫೋನೆಲ್ಲಾ ತಗೊಂಡೋಗಲ್ಲ' ಎಂದಿತು ತೆಲುಗು ಬೆರೆತ ಹೆಂಗಸಿನ ದನಿ. ಮಂಗಳವಾರ ಯಜಮಾನರು ತಿರುಪತಿಗೆ ಹೋದ ಮೇಲೆ, ಬುಧವಾರ ತನುಜ ಮಗಳನ್ನು ಕರೆದುಕೊಂಡು ಹೊರಟಳು.

ಮಂಗಮ್ಮ ಕಾಗದವನ್ನು ನಿಂತುಕೊಂಡೇ ಓದಿದಳು. ಮುಗಿಸಿ, ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ಸಲ ಓದಿದಳು. ವಾರ್ಡನ್ ಬದಲಾಯಿಸುವ ಸಾಲಿನಲ್ಲಿ ಅವಳ ಹುಬ್ಬು ಮೇಲೆ ಹೋದದ್ದನ್ನು ತನುಜ ಕಣ್ತುಂಬ ನೋಡಿದಳು. ಆಮೇಲೆ ಮಂಗಮ್ಮ ಶಿರೀಷಾಳನ್ನು ನೋಡಿ, ಏನು ರ‍್ಯಾಂಕು, ಯಾವ ಯಾವ ಕಾಲೇಜು ಎಂದು ವಿಚಾರಿಸಿದಳು. ಹುಡುಗಿ ಒಂದೊಂದಾಗಿ ಹೇಳಿದಳು. ಮಂಗಮ್ಮ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಟ್ಟಳು. ಬಾತ್‌ರೂಮು ಎಡಗಡೆಗಿದೆ, ಮೊದಲು ಹೋಗಿ ಬಾಮ್ಮ ಎಂದು ಶಿರೀಷಾಗೆ ಅವಳೇ ಹೇಳಿದಳು. ತನುಜಳಿಗೆ ಕುಣಿಯಬೇಕು ಅನ್ನಿಸಿತು. ಬಂತಲ್ಲ ದಾರಿಗೆ! ಒಂದು ಸೀಲು, ಒಂದು ಗೆರೆ, ಅಷ್ಟಕ್ಕೇ ಇವರ ಜಂಬವೆಲ್ಲ ಇಳಿದುಹೋಗುತ್ತದೆ.

ಮೂರು ದಿನವೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಳೆಯಿತು. ನಾಲ್ಕು ಕಾಲೇಜನ್ನೂ ನೋಡಿದರು. ಒಂದು ಹೆಸರಿಗಷ್ಟೇ ದೊಡ್ಡದು. ಇನ್ನೊಂದರಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುವವರೇ ಇರಲಿಲ್ಲ. ಕೆಂಗೇರಿಯ ಆಚೆಯದರಲ್ಲಿ ಹಿರಿಯ ಹುಡುಗಿಯೊಬ್ಬಳು ಲ್ಯಾಬನ್ನೆಲ್ಲ ತೋರಿಸಿ, ಮೇಡಂಗಳು ಚೆನ್ನಾಗಿ ಪಾಠ ಮಾಡುತ್ತಾರೆ ಎಂದಳು. ಶಿರೀಷಾ ಬಸ್ಸಿನಲ್ಲಿ ಬರುವಾಗ ಇದೇ ಕಣಮ್ಮ, ಇದೇ ಎಂದು ಅಮ್ಮನ ತೋಳು ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಮಗಳ ಮುಖದಲ್ಲಿ ಅಂಥ ಬೆಳಕು ಕಂಡು ತನುಜಳಿಗೆ ಅಳು ಬಂತು. ಆದರೂ ಸಿಟ್ಟು ತಣ್ಣಗಾಗಿರಲಿಲ್ಲ. ಬಿಸಿನೀರು ಸಾಲದು, ದಿಂಬು ಗಟ್ಟಿ, ಸಾರಿನಲ್ಲಿ ಉಪ್ಪಿಲ್ಲ ಎಂದು ದಿನಕ್ಕೊಂದು ತಗಾದೆ ತೆಗೆದಳು. ಮಂಗಮ್ಮ ಎಲ್ಲಕ್ಕೂ ಹೂಂ ಎಂದಳೇ ಹೊರತು ಎದುರಾಡಲಿಲ್ಲ. ಹೆದರಿದ್ದಾಳೆ, ಎಂದುಕೊಂಡಳು ತನುಜ.

ಶನಿವಾರ ಬೆಳಿಗ್ಗೆ ಚೀಲ ಹಿಡಿದು ಆಫೀಸಿಗೆ ಬಂದಾಗ ಮಂಗಮ್ಮನ ಮುಂದೆ ಹೊಸ ಸೀಟಿನ ಪಟ್ಟಿ ತೆರೆದಿತ್ತು, ಪಕ್ಕದಲ್ಲಿ ಕಾಗದವಿತ್ತು. ಮಂಗಮ್ಮ ಪೆನ್ನಿನ ಮುಚ್ಚಳ ತೆಗೆದು, ಹೆಸರು ಬರೆಯುವ ಮೊದಲು ಒಂದು ಮಾತು ಕೇಳಿದಳು. 'ಯಜಮಾನ್ರು ಇದನ್ನ ನಿಮ್ಮೆದುರಿಗೇ ಕೊಟ್ರಾ?' ಈ ಪ್ರಶ್ನೆಗೆ ತನುಜ ಮನೆಯಲ್ಲೇ ಉತ್ತರ ಕಟ್ಟಿಟ್ಟುಕೊಂಡಿದ್ದಳು. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದರು ಎಂದಳು. ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿದರು, ವಾರ್ಡನ್ ವಿಚಾರ ಅವರೇ ಹೇಳಿ ಬರೆಸಿದರು ಎಂದಳು. ಮಗಳು ಪಕ್ಕದಲ್ಲಿ ಹೆಮ್ಮೆಯಿಂದ ಕೇಳುತ್ತಿದ್ದಳು. 'ನನ್ ಪೆನ್ನೇ ಈಸ್ಕೊಂಡು ನನ್ ಕಣ್ಮುಂದೇನೆ ಸೈನ್ ಹಾಕಿದ್ರು ಮೇಡಂ' ಎಂದು ತನುಜ ಮುಗಿಸಿದಳು.

ಮಂಗಮ್ಮ ಪಟ್ಟಿಯ ಮೇಲೆ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದಳು. ಮಗು ಕಾಲೇಜಾದರೂ ನೋಡಿಕೊಂಡು ಹೋಗಲಿ ಎಂದು ಮೂರು ದಿನ ಸುಮ್ಮನಿದ್ದೆ, ನೀವಾಗಿ ನಿಜ ಹೇಳುತ್ತೀರೇನೋ ಎಂದು ಈಗಲೂ ಕಾದೆ, ಇನ್ನು ಈ ಹೆಸರು ಪಟ್ಟಿಗೆ ಸೇರುವುದಿಲ್ಲ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಶಿರೀಷಾ ಒಮ್ಮೆ ಕಾಗದವನ್ನೂ ಒಮ್ಮೆ ಅಮ್ಮನನ್ನೂ ನೋಡಿದಳು. ಮಂಗಮ್ಮ ಕಾಗದವನ್ನು ತಿರುಗಿಸಿ ಅವರ ಮುಂದಿಟ್ಟು, ಸಹಿಯ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು. 'ಯಜಮಾನ್ರಿಗೆ ಅಕ್ಷರ ಬರಲ್ಲಮ್ಮ. ನಾವಂತೂ ಓದ್ಲಿಲ್ಲ, ಹೆಣ್ಮಕ್ಳಾದ್ರೂ ಓದ್ಲಿ ಅಂತಾನೇ ಇದನ್ನ ಕಟ್ಸಿದ್ದು. ಅವರು ಕೊಡೋ ಕಾಗದಕ್ಕೆಲ್ಲಾ ಹೆಬ್ಬೆಟ್ಟೇ. ಆ ಬೆಳ್ಳಿಹಬ್ಬದ ಪುಸ್ತಕದಲ್ಲಿ ಹೆಬ್ಬೆಟ್ಟು ಚೆನ್ನಾಗಿ ಕಾಣಲ್ಲ ಅಂತ ಅವರ ಹೆಸರನ್ನ ಬರೆದು, ಕೆಳಗೆ ಈ ಗೆರೆ ಎಳೆದೋಳು ನಾನು.'