ಹಸಿರು ಗಂಟಿನ ಮಡಿಲಕ್ಕಿ

“ಸೆರಗು ಒಡ್ಡವ್ವ,” ಎಂದರು ಪುಟ್ಟಲಕ್ಷ್ಮಮ್ಮ.

ಅವರು ಹಿಡಿದಿದ್ದ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಹಸಿರು ರವಿಕೆ ಕಣ ಎಲ್ಲವೂ ಇದ್ದವು. ಅವನ್ನು ಈಸಿಕೊಳ್ಳುವ ಹಕ್ಕು ಮಾತ್ರ ಅರ್ಪಿತಳಿಗೆ ಇರಲಿಲ್ಲ.

ಶ್ರೀರಂಗಪಟ್ಟಣದ ಹೊರಗಿದ್ದ ಆ ಗಾರ್ಮೆಂಟ್ಸ್ ಕಂಪನಿ ಭೂಸೇನಾ ದಿನಕ್ಕೆ ಸುತ್ತಲಿನ ಸೈನಿಕರ ಮನೆಯವರನ್ನು ಕರೆಸಿ ಗೌರವಿಸುತ್ತಿತ್ತು. ಶಾಲು, ಹಾರ ಎಲ್ಲರೂ ಹಾಕುತ್ತಾರೆ, ಹೆಣ್ಣುಮಕ್ಕಳಿಗೆ ಮರ್ಯಾದೆ ಅಂದರೆ ಮಡಿಲು ತುಂಬುವುದು ಎಂದು ಹೊಲಿಗೆ ವಿಭಾಗದ ಹಿರಿಯರಾದ ಪುಟ್ಟಲಕ್ಷ್ಮಮ್ಮ ಪಟ್ಟು ಹಿಡಿದಿದ್ದರಂತೆ. ಈ ಗೌರವ ಮನೆಯಲ್ಲಿ ದಾರಿ ನೋಡುತ್ತಾ ಕೂತವರಿಗೆ ಎಂದು ಮ್ಯಾನೇಜರ್ ರಘುನಂದನ್ ಮೈಕಿನಲ್ಲಿ ಹೇಳಿದ್ದರು.

ಅರ್ಪಿತ ಬಂದದ್ದು ಪಕ್ಕದ ಮನೆಯ ದೊಡ್ಡತಾಯಮ್ಮನನ್ನು ಪಾಲಹಳ್ಳಿಯಿಂದ ಸ್ಕೂಟಿಯಲ್ಲಿ ಕರೆತರಲು, ಅಷ್ಟೇ. ದೊಡ್ಡತಾಯಮ್ಮನ ಮಗ ಚಲುವರಾಜು ಲಡಾಖಿನಲ್ಲಿದ್ದ. ಅವನ ಹೆಸರು ಕೂಗಿದಾಗ ಅರ್ಪಿತ ಮಂಡಿನೋವಿನ ಮುದುಕಿಯ ಕೈಹಿಡಿದು ವೇದಿಕೆ ಹತ್ತಿಸಿದಳು. ದೊಡ್ಡತಾಯಮ್ಮನ ಹಣೆಯಲ್ಲಿ ಕುಂಕುಮವಿರಲಿಲ್ಲ. ಗಂಡನಿಲ್ಲದವಳ ಮಡಿಲು ತುಂಬುವ ರೂಢಿಯೂ ಇಲ್ಲ. ಪುಟ್ಟಲಕ್ಷ್ಮಮ್ಮ ಒಂದು ಗಳಿಗೆ ತಡವರಿಸಿ, ಹಬ್ಬದ ಸೀರೆ ಉಟ್ಟು ಪಕ್ಕದಲ್ಲಿ ನಿಂತವಳು ಸೊಸೆಯೇ ಇರಬೇಕೆಂದು ಅತ್ತ ತಿರುಗಿದ್ದರು.

ತಾನು ಯಾರೆಂದು ಹೇಳಲು ಅರ್ಪಿತ ಬಾಯಿ ತೆರೆಯುವಷ್ಟರಲ್ಲಿ ದೊಡ್ಡತಾಯಮ್ಮ ಮೊಣಕೈಯಲ್ಲಿ ತಿವಿದಳು.

“ಸುಮ್ಕೆ ಒಡ್ಡು. ಮಡ್ಲಿಗೆ ಬತ್ತಿರೋ ಅಕ್ಕಿಯ ಬ್ಯಾಡ ಅನ್ಬಾರ್ದು.”

ಅಕ್ಕಿ ಸರಸರನೆ ಸೆರಗಿಗೆ ಇಳಿಯಿತು. ಅರ್ಪಿತಳ ಕೆನ್ನೆ ಬಿಸಿಯಾಯಿತು. ಸುಳ್ಳೆಂದು ಗೊತ್ತಿದ್ದರೂ ಆ ಭಾರ ಎಷ್ಟು ಹಿತವಾಗಿತ್ತು! ಯಾರೋ ಫೋಟೊ ತೆಗೆದರು. ಸಂಜೆಗೆಲ್ಲ ಅದು ‘ಯೋಧ ಚಲುವರಾಜು ಅವರ ಪತ್ನಿ’ ಎಂಬ ಸಾಲಿನೊಂದಿಗೆ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ದೊಡ್ಡತಾಯಮ್ಮ ಅದನ್ನು ಮಗನಿಗೂ ಕಳಿಸಿದಳು.

ಅವನು ನೋಡಿದ. ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ.

ಹೋದ ರಜೆಯಲ್ಲಿ ನಾಲೆಯ ಏರಿಯ ಮೇಲೆ ಇಬ್ಬರೂ ನಡೆದು ಬರುತ್ತಿದ್ದಾಗ ಅವಳ ಕೂದಲಿಗೆ ಕಬ್ಬಿನ ಹೂವಿನ ಎಳೆ ಸಿಕ್ಕಿಕೊಂಡಿತ್ತು. ತೆಗೆಯಲು ಅವನು ಕೈ ಎತ್ತಿದ. ಆ ಕೈ ಅರ್ಧದಲ್ಲೇ ನಿಂತಿತು. ತನ್ನಂಥವನು ಒಂದು ಹೆಣ್ಣನ್ನು ದಾರಿ ನೋಡುತ್ತಾ ಕೂರಿಸುವುದು ತಪ್ಪು ಎಂದು ನೀರಿನ ಕಡೆ ನೋಡುತ್ತಾ ಹೇಳಿದ್ದ, ಯಾರದೋ ವಿಷಯ ಎಂಬಂತೆ. ಅವಳು ಆಗ ಏನೂ ಹೇಳಲಿಲ್ಲ. ಆ ಮೌನಕ್ಕೆ ಆಮೇಲೆ ಎಷ್ಟು ಹಳಹಳಿಸಿದಳೋ.

ಮಡಿಲಕ್ಕಿಯನ್ನು ಹೆಚ್ಚು ದಿನ ಇಡಬಾರದು ಎಂದು ಅರ್ಪಿತಳ ತಾಯಿ ಮುತ್ತಮ್ಮ ಗೊಣಗುತ್ತಲೇ ಇದ್ದಳು. ತುಂಬಿಸಿಕೊಂಡವಳು ತನ್ನ ಮನೆಯಲ್ಲೇ ಅದನ್ನು ಬೇಯಿಸಿ ಉಣ್ಣಬೇಕು, ಬೇರೆಯವರಿಗೆ ಕೊಡುವಂತಿಲ್ಲ. ತನ್ನ ಮನೆ ಯಾವುದೆಂದೇ ಗೊತ್ತಿಲ್ಲದವಳು ಏನು ಮಾಡಬೇಕು? ಅರ್ಪಿತ ಅಕ್ಕಿಯನ್ನು ಅದೇ ಹಸಿರು ಕಣದಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟಳು. ದಿನಕ್ಕೊಮ್ಮೆ ಸುಮ್ಮನೆ ಮುಟ್ಟಿ ಬರುತ್ತಿದ್ದಳು.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಚಲುವರಾಜು ರಜೆಗೆ ಬಂದ. ಅರ್ಪಿತ ಗಂಟು ಹಿಡಿದು ಅವನಿದ್ದ ಏರಿಯ ಮೇಲೆ ಹೋದಳು. ಇಳಿಬಿಸಿಲಿಗೆ ನಾಲೆಯ ನೀರು ಹೊಳೆಯುತ್ತಿತ್ತು. ಅವನು ಚಳಿಗೆ ಕಪ್ಪಾಗಿದ್ದ. ಕಣ್ಣು ಮಾತ್ರ ಮೊದಲಿನಂತೆಯೇ ಅವಳನ್ನು ನೋಡಿ, ಸಿಕ್ಕಿಬಿದ್ದು, ಬೇರೆಡೆ ಹೊರಳಿತು.

“ತಕೋ. ನಿಮ್ಮನೆ ಅಕ್ಕಿ,” ಎಂದಳು.

ಅವನು ಕೈ ಚಾಚಲಿಲ್ಲ.

“ಫೋಟೊ ನೋಡಿ ನಮ್ ಉಡುಗ್ರೆಲ್ಲ ಯಾವಾಗ್ಲಾ ಮದ್ವೆ ಆದೆ ಅಂತ ಕೇಳುದ್ರು. ಆಗಿಲ್ಲ ಅನ್ನಕೆ ಬಾಯೇ ಬರ್ನಿಲ್ಲ ಕಣಮ್ಮಿ.”

ಅವಳಿಗೆ ಖುಷಿಯಾಯಿತು. ಆದರೆ ಸಿಟ್ಟೂ ಬಂತು. ಹಾಗಿದ್ದರೆ ಒಂದು ಮಾತು ಕಳಿಸಲು ಏನಾಗಿತ್ತು ಎಂದು ಕೇಳಿದಳು. ದಿನಾ ಬರೆದೆ, ದಿನಾ ಅಳಿಸಿದೆ ಎಂದ. ನಿನ್ನನ್ನು ದಾರಿ ನೋಡಿಸಲು ಮನಸ್ಸು ಒಪ್ಪಲಿಲ್ಲ ಎಂದ.

ಈ ಸಲ ಅವಳು ಸುಮ್ಮನಿರಲಿಲ್ಲ.

“ನೀನೇನ್ ನೋಡ್ಸದು? ಮೂರು ವರ್ಸದಿಂದ ನೋಡ್ತಾನೇ ಇವ್ನಿ. ಅದುಕ್ಕೇಂತ ಕಂಪ್ನಿಯೋರೇ ಮಡ್ಲು ತುಂಬವ್ರೆ. ಇನ್ನ ನಿನ್ನ ಕೇಳ್ಬೇಕಾ?”

ಅವನು ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ ಹೋದ ರಜೆಯಲ್ಲಿ ಅರ್ಧಕ್ಕೆ ನಿಂತಿದ್ದ ಆ ಕೈಯನ್ನು ಪೂರ್ತಿ ಚಾಚಿ ಅವಳ ಮುಂಗುರುಳನ್ನು ಕಿವಿಯ ಹಿಂದಕ್ಕೆ ಸರಿಸಿದ.

“ಮಡ್ಲಿಗೆ ಬಿದ್ದದ್ನ ನಾನು ಈಸ್ಕಳಕಾಯ್ತದಾ? ನೀನೇ ತಕಂಡು ಬಾ. ನಮ್ಮನೇಲಿ ಬೇಯ್ಸು.”

ದೊಡ್ಡತಾಯಮ್ಮ ಬಾಗಿಲಲ್ಲೇ ಕೂತಿದ್ದಳು. ಇಬ್ಬರೂ ಜೊತೆಯಾಗಿ ಬರುವುದನ್ನು ಕಂಡು ಎಲ್ಲ ತಿಳಿದವಳಂತೆ ತಲೆಯಾಡಿಸಿದಳು. ಅರ್ಪಿತ ಹೊಸಿಲ ಬಳಿ ಮಂಡಿಯೂರಿ ಗಂಟು ಬಿಚ್ಚಿದಳು. ಎರಡೂ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡಳು.

“ಸೆರಗು ಒಡ್ಡತ್ತೆ,” ಎಂದಳು.

ಮುದುಕಿ ಬೆಚ್ಚಿ ಹಿಂದೆ ಸರಿದಳು. ತನ್ನಂಥವಳಿಗೆ ಇದೆಲ್ಲ ಆಗದು, ನೋಡಿದವರು ಏನಂದಾರು ಎಂದಳು.

“ನನ್ಗಿಂತ ಮೊದ್ಲಿಂದ ದಾರಿ ನೋಡ್ದೋಳು ನೀನು. ಮಡ್ಲಿಗೆ ಬತ್ತಿರೋ ಅಕ್ಕಿಯ ಬ್ಯಾಡ ಅನ್ಬಾರ್ದು ಅಂತ ನೀನೇ ಯೋಳ್ಲಿಲ್ವಾ?”

ದೊಡ್ಡತಾಯಮ್ಮನ ಕೈ ಸೆರಗಿನ ಅಂಚು ಹುಡುಕಿತು. ಗಂಡ ಹೋದ ಇಪ್ಪತ್ತು ವರ್ಷದ ಮೇಲೆ ಆ ಸೆರಗಿಗೆ ಅಕ್ಕಿ ಬಿತ್ತು. ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮೂಗೊರೆಸಿಕೊಂಡು ಮಗನ ಕಡೆ ತಿರುಗಿದಳು.

“ನೋಡ್ತಾ ನಿಂತವ್ನೆ. ಓಗಿ ಒಲೆ ಅಚ್ಚೋಗ್ಲಾ.”