ಸಾಲಿನಲ್ಲಿ ನಿಂತ ಉತ್ತರ

ಮುತ್ತುರಾಜುವಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದೇ ಮೊದಲು ತಿಳಿದಿದ್ದೆ. ನಾನು ಹಾರೋಹಳ್ಳಿಯ ಗೋಡೌನಿನಲ್ಲಿ ಸ್ಟಾಕ್ ನೋಡುತ್ತಿದ್ದೆ, ಅವನು ಅದೇ ಕಂಪನಿಯ ರಾಮನಗರದ ಫ್ಯಾಕ್ಟರಿಯಲ್ಲಿ ನೆಟ್‌ವರ್ಕ್ ನೋಡುತ್ತಿದ್ದ. ಕಂಪ್ಯೂಟರಿನಲ್ಲಿ ನಾನು ಫ್ಯಾಕ್ಟರಿಗೆ ಕಳಿಸಿದ ಮೆಸೇಜೆಲ್ಲ ಕೆಂಪಾಗಿ ವಾಪಸ್ ಬರುತ್ತಿತ್ತು. ಅವನು ಗೋಡೌನಿಗೆ ರಿಪೇರಿಗೆ ಬಂದಾಗ ಹಿಡಿದು, ನನ್ನದನ್ನೇ ಯಾಕೆ ತಡೆಯುತ್ತೀರಿ ಎಂದು ಕೇಳಿಯೇಬಿಟ್ಟೆ.

"ನಾನ್ ತಡೆದಿಲ್ಲ ಕಣ್ರೀ," ಎಂದು ಗೋಡೆಯ ಮೇಲೆ ವೈರುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆ ತೋರಿಸಿದ. "ಎಲ್ಲಾ ಇದ್ರಲ್ಲಿ ಸಾಲಾಗಿ ನಿಂತು ಹೋಗ್ಬೇಕು. ದೊಡ್ಡ ಡ್ರಾಯಿಂಗ್ ಫೈಲ್ ಬಂದ್ರೆ ಜಾಗ ತುಂಬೋಯ್ತದೆ. ಆಮೇಲ್ ಬಂದಿದ್ದನ್ನ ಬಿಸಾಕ್ಬುಡ್ತದೆ."

"ನನ್ ಮಾತೇ ಬಿಸಾಕ್ಬೇಕಾ?"

ತಲೆ ಎತ್ತಿ ನೋಡಿದ. ಕಣ್ಣು ಕೀಳಲು ಸ್ವಲ್ಪ ಹೊತ್ತು ಮಾಡಿದ. ನಾನೂ ಕೀಳಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದಾಚೆ ಒಂದೂ ವಾಪಸ್ ಬರಲಿಲ್ಲ. ನಮ್ಮಿಬ್ಬರ ಮೆಸೇಜು ಬಿಸಾಕಿಸಿಕೊಳ್ಳದೆ ಸಾಲಿನಲ್ಲಿ ಕಾಯಲೆಂದೇ ಎರಡೂ ಕಡೆಯ ಸ್ವಿಚ್ಚಿನಲ್ಲಿ ದೊಡ್ಡ ಜಾಗ ಮಾಡಿಕೊಟ್ಟಿದ್ದ. ಒಮ್ಮೊಮ್ಮೆ ತಡವಾದರೂ ಬರುತ್ತಿತ್ತು. ಕೆಲಸದ ಮಾತು ಹೋಗಿ ನಮ್ಮ ಮಾತೇ ಆಯಿತು. ಮದುವೆಯ ಮಾತೆತ್ತಿದರೆ ಮಾತ್ರ, "ಒಸಿ ತಡಿ, ತಂಗೀದ್ ಆಗ್ಲಿ" ಎನ್ನುತ್ತಿದ್ದ. ಕಾದೆ.

ಅಷ್ಟರಲ್ಲಿ ಮಾಗಡಿ ಕಡೆಯ ಗಂಡು ಬಂದು ನೋಡಿ ಒಪ್ಪಿದ. ನನ್ನ ಉತ್ತರ ಕೇಳಲು ಅಣ್ಣ ಸ್ವಾಮಿ ಮಧ್ಯಾಹ್ನ ಗೋಡೌನಿನ ಗೇಟಿಗೆ ಬರುವವನಿದ್ದ. ಇದ್ದ ಒಂದೇ ಫೋನು ಮ್ಯಾನೇಜರ್ ಮೇಜಿನ ಮೇಲೆ, ಅಲ್ಲಿ ಇಂಥ ಮಾತಾಡುವಂತಿರಲಿಲ್ಲ. ಬೆಳಿಗ್ಗೆಯೇ ಮುತ್ತುರಾಜುವಿಗೆ ಟೈಪ್ ಮಾಡಿದೆ: "ಊಟದ ಹೊತ್ತಿಗೆ ಅಣ್ಣ ಬತ್ತಾನೆ. ಕಾಯ್ಲಾ, ಬ್ಯಾಡ್ವಾ? ಹೇಳ್ಬುಡು."

ಕೆಂಪಾಗಲಿಲ್ಲ, ಹೋಯಿತು. ಉತ್ತರ ಬರಲಿಲ್ಲ. ಅವನಿಗೆ ಬಾಯಿಲ್ಲ ಎಂದು ಗೊತ್ತಿತ್ತು, ಇಷ್ಟೊಂದು ಎಂದು ಗೊತ್ತಿರಲಿಲ್ಲ. ಸ್ವಾಮಿ ಬಂದಾಗ "ಆಯ್ತು ಕಣಣ್ಣ" ಅಂದುಬಿಟ್ಟೆ.

ಸಂಜೆ ಹೊರಡುವಾಗ ಪರದೆಯ ಮೇಲೆ ಮೂಡಿತು: "ಕಾಯ್ತಿರು ಪುಟ್ಟಿ. ಭಾನುವಾರ ಅಪ್ಪನ್ನ ಕರ್ಕಂಡ್ ಬತ್ತೀನಿ." ಕಳಿಸಿದ ಸಮಯ ಬೆಳಿಗ್ಗೆಯದು, ನಾನು ಕೇಳಿದ ಕೂಡಲೇ.

ಮರುದಿನ ಬಸ್ ಸ್ಟ್ಯಾಂಡಿಗೆ ನಗುತ್ತಲೇ ಬಂದ. ಎಲ್ಲಾ ಹೇಳಿದೆ.

"ನಿನ್ನೆ ದಿನವೆಲ್ಲ ಡ್ರಾಯಿಂಗ್ ಹೋಯ್ತಿದ್ವು," ಎಂದ ಮೆಲ್ಲಗೆ. "ನಮ್ದು ಹಿಂದೆ ನಿಂತಿತ್ತು. ಕಳ್ದೋಗ್ಬಾರ್ದು ಅಂತ ತಾನೆ ನಾನು ಅಷ್ಟು ಜಾಗ ಮಾಡಿದ್ದು..."

"ಕಳ್ದೋಗಿದ್ರೆ ಕೆಂಪಾಗಿ ವಾಪಸ್ ಬಂದು ನಿಂಗೆ ಗೊತ್ತಾಗ್ತಿತ್ತು. ನೀನು ಇನ್ನೊಂದ್ಸಲ ಕಳಿಸ್ತಿದ್ದೆ. ಬಸ್ ಹತ್ಕಂಡಾದ್ರೂ ಬತ್ತಿದ್ದೆ."

ಹೌದೆಂದು ತಲೆಯಾಡಿಸಿದ. ನನ್ನ ಎದೆ ಒಡೆದದ್ದು ಆಗ.

"ಈಗ್ಲೂ ಬತ್ತೀನಿ. ನಿಮ್ಮಪ್ಪನ್ ಕಾಲಿಗ್ ಬೀಳ್ತೀನಿ."

"ನಿನ್ನೆನೇ ಅಪ್ಪ ಮಾಗಡಿಯವ್ರ ಜೊತೆ ಎಲೆಅಡಿಕೆ ಬದ್ಲಾಯಿಸ್ಕಂಡ್ಬುಟ್ರು, ಮುತ್ತು."

ನಮ್ಮೂರ ಕಡೆ ಹೋಗುವ ಕನಕಪುರದ ಬಸ್ ಬಂತು. ಅವನು ಒಲ್ಲೆ ಎಂದಿದ್ದರೆ ಹತ್ತುವುದು ಸುಲಭವಿತ್ತು. ಬೇಕು ಎಂದವನನ್ನು ಅಲ್ಲೇ ನಿಲ್ಲಿಸಿ ಹತ್ತಿದೆ.